ಮೂರನೇ ಕ್ಯಾಮೆರಾ ತಿರುಗಿದ ಕಡೆ

"ಮೂರನೇ ಕ್ಯಾಮೆರಾ! ಯಾಕ್ರೀ ಕೆಳಗಿಳಿಸಿದ್ರಿ?"

ಹೆಡ್‌ಫೋನ್‌ನಲ್ಲಿ ತರಬೇತುಗಾರ್ತಿಯ ದನಿ ಸಿಡಿಯಿತು. ಸಿನಿಮಾ ತಂಡಕ್ಕೆ ಟಿ.ವಿ.ಯ ನೇರ ನಾಟಕ ಕಲಿಸುವ ತರಬೇತಿಯ ಮೊದಲ ದಿನ, ಮೊದಲ ಗಂಟೆ!

ಸಿನಿಮಾದಿಂದ ಬಂದ ಛಾಯಾಗ್ರಾಹಕ ನಿಧಾನವಾಗಿ ತಲೆಯೆತ್ತಿದ. "ಶಾಟ್ ಮುಗೀತಲ್ಲ ಮೇಡಂ?"

"ಇಲ್ಲಿ ಶಾಟ್ ಮುಗಿಯೋದೇ ಇಲ್ಲ! ಮನೇಲಿ ಕೂತೋರು ನಾಲ್ಕರಲ್ಲಿ ಯಾವ ಕ್ಯಾಮೆರಾ ಬೇಕೋ ಅದನ್ನ ರಿಮೋಟ್‌ನಲ್ಲಿ ಒತ್ತಿ ನೋಡ್ತಾರೆ. ಯಾವಾಗ ಬೇಕಾದ್ರೂ!"

"ಹಾಗಾದ್ರೆ ಮೂಗು ತುರಿಸ್ಕೊಳ್ಳೋದು ಯಾವಾಗ?"

ಸಿನಿಮಾ ತಂಡವೆಲ್ಲ ಗೊಳ್ಳೆಂದಿತು. ಮೇಕಪ್ ಅಕ್ಕನಂತೂ ಪೌಡರ್ ಡಬ್ಬಿಯನ್ನೇ ಬೀಳಿಸಿದಳು. ತರಬೇತುಗಾರ್ತಿಗೆ ಮೈಯೆಲ್ಲ ಉರಿಯಿತು. ಆದರೂ... ತುಟಿಯಂಚಿನಲ್ಲಿ ನಗು ಇಣುಕಿದ್ದು ಯಾಕೋ!

ಕಲಿಯಲು ಆರೇ ದಿನ. ಏಳನೆಯ ದಿನ ಮುನ್ನೂರು ಮನೆಗಳಿಗೆ ಪರೀಕ್ಷಾರ್ಥ ನೇರ ಪ್ರಸಾರ. ಅದರಲ್ಲಿ ಎಡವಿದರೆ ಇಡೀ ತಂಡ ವಾಪಸ್ ಎಂದು ವಾಹಿನಿಯ ಮುಖ್ಯಸ್ಥೆ ಕಡ್ಡಿ ಮುರಿದಂತೆ ಹೇಳಿದ್ದರು.

ಎಲ್ಲರೂ ಊಟಕ್ಕೆ ಹೋದಾಗ ಅವನು ಉಳಿಯುತ್ತಿದ್ದ. ಅವಳು ನಾಯಕಿಯ ಜಾಗದಲ್ಲಿ ನಿಂತು ಬಾಗಿಲು ತೆರೆಯುತ್ತಿದ್ದಳು, ಮುಚ್ಚುತ್ತಿದ್ದಳು. ಅವನ ಕ್ಯಾಮೆರಾ ಬಿಡದೆ ಹಿಂಬಾಲಿಸುತ್ತಿತ್ತು. ನಾಲ್ಕನೆಯ ದಿನ ಅವನು ಹತ್ತು ನಿಮಿಷ ತಡವಾಗಿ ಬಂದ. ಅಷ್ಟಕ್ಕೇ ಅವಳೆದೆ ಧಸಕ್ಕೆಂದಿತು!

'ಇವನು ಬರದಿದ್ದರೆ ನನಗೇನು?' ಎಂದುಕೊಂಡಳು. ಏನೋ ಇತ್ತು...

ಏಳನೆಯ ದಿನ, ಬೆಳಗ್ಗೆ ಹನ್ನೊಂದು. ನಾಯಕಿ ಬಾಗಿಲ ಮುಂದೆ ನಿಂತಳು. ತೆರೆಯಲೋ, ಬೇಡವೋ? ಅದನ್ನು ನೋಡುವವರೇ ತೀರ್ಮಾನಿಸಬೇಕು; ಮನೆಮನೆಗಳಲ್ಲಿ ಜನ ರಿಮೋಟ್ ಒತ್ತತೊಡಗಿದರು.

ಅಷ್ಟರಲ್ಲಿ ಮುಖ್ಯಸ್ಥೆ ಕೂಗಿದರು. "ಮೂರನೇ ಕ್ಯಾಮೆರಾದಲ್ಲಿ ಇದ್ಯಾರು?"

ಪರದೆಯ ತುಂಬ ತರಬೇತುಗಾರ್ತಿ! ತುರುಬಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಸೆಟ್ಟಿನ ಅಂಚಿನಲ್ಲಿ ಉಗುರು ಕಚ್ಚುತ್ತ, ನಾಯಕಿಯ ಮಾತುಗಳನ್ನು ತುಟಿಯಲ್ಲೇ ಹೇಳಿಕೊಳ್ಳುತ್ತ... ಎಂಬತ್ತೊಂದು ಮನೆಗಳು ನೋಡುತ್ತಿದ್ದವು.

ಪ್ರಸಾರ ನಿಂತಿತು.

"ನನ್ನ ಮಾನ ಹರಾಜು ಹಾಕಿದ್ರಲ್ಲ!" ಅವಳ ಕಣ್ಣು ತುಂಬಿತು. "ಮೊದಲ ದಿನ ಬೈದೆ ಅಂತ ಸೇಡಾ?"

"ಸೇಡಲ್ಲ..." ಅವನ ಮುಖ ಕೆಂಪಾಯಿತು. "ಸಿನಿಮಾದಲ್ಲಿ ಶಾಟ್ ಮುಗಿದ್ಮೇಲೆ ಲೆನ್ಸ್ ಎತ್ತ ತಿರುಗಿದ್ರೂ ಯಾರೂ ನೋಡಲ್ಲ. ಹತ್ತು ವರ್ಷ ಕಿಟಕಿ, ಗುಬ್ಬಿ ನೋಡ್ಕೊಂಡಿದ್ದೆ. ಈ ವಾರ ಅದು ನಿಮ್ಮ ಕಡೆಗೇ ತಿರುಗುತ್ತೆ. ಕೈ... ಮಾತು ಕೇಳಲ್ಲ."

ಮೇಕಪ್ ಅಕ್ಕ ಸುಮ್ಮನಿದ್ದಾಳೆಯೇ? "ಅಯ್ಯೋ ನಮ್ಮವ್ವ, ನಮಗೆಲ್ಲ ಮೂರು ದಿನದ ಹಿಂದೇ ಗೊತ್ತಿತ್ತು!"

ತರಬೇತುಗಾರ್ತಿ ಕಣ್ಣೊರೆಸಿಕೊಂಡು ಮುಖ್ಯಸ್ಥೆಯತ್ತ ತಿರುಗಿದಳು. "ಮಧ್ಯಾಹ್ನ ಇನ್ನೊಂದು ಸಲ ಬಿಡಿ. ತಪ್ಪಿದ್ರೆ ಇವರ ಜೊತೆ ನಾನೂ ಹೋಗ್ತೀನಿ."

ಮಧ್ಯಾಹ್ನ. ಸತತ ನಲವತ್ತು ನಿಮಿಷ! ಬೆವರು ಹುಬ್ಬಿನಿಂದಿಳಿದು ಕಣ್ಣಿಗೆ ಬಿದ್ದರೂ ಅವನ ಕ್ಯಾಮೆರಾ ನಾಯಕಿಯನ್ನು ಬಿಟ್ಟು ಕೂದಲೆಳೆಯಷ್ಟೂ ಸರಿಯಲಿಲ್ಲ. ತರಬೇತುಗಾರ್ತಿ ಎರಡೇ ಮಾರು ದೂರದಲ್ಲಿ ನಿಂತಿದ್ದಳು! ಮನೆಗಳು ಒತ್ತಿದವು, ಬಾಗಿಲು ತೆರೆಯಿತು, ಕಥೆ ಓಡಿತು...

"ಪಾಸ್!" ಎಂದರು ಮುಖ್ಯಸ್ಥೆ.

ಕೂಗು, ಶಿಳ್ಳೆ! ಆ ಗದ್ದಲದ ನಡುವೆ ಅವಳು ಅವನ ಬಳಿ ಬಂದು, ತಾನೇ ಕೈಚಾಚಿ ಕ್ಯಾಮೆರಾ ಆರಿಸಿದಳು.

"ಈಗ ನೋಡಿ," ಎಂದಳು.

"ಲೆನ್ಸ್ ಇಲ್ದೆ ಹೆದರಿಕೆ ಆಗುತ್ತೆ..."

"ನನಗೂ." ಅವಳ ಬೆರಳುಗಳು ಅವನ ಅಂಗೈಯೊಳಗೆ ಸೇರಿಕೊಂಡವು. "ಬನ್ನಿ, ಇಬ್ರೂ ಒಟ್ಟಿಗೆ ಹೆದರೋಣ."