ವಾಲೆಂತಿಯ ಹೆಸರಿದ್ದ ಸಾಲು

ಗಂಡನನ್ನು ಹೂಳಿ ಬಂದ ಮರುದಿನ ಕಸದ ಗಾಡಿ ಬರುವ ದಿನವಾಗಿತ್ತು. ಬೊಗ್ನಾ ಆರೂವರೆಗೆ ಎದ್ದು, ನಿನ್ನೆಯ ಊಟದಲ್ಲಿ ಉಳಿದ ಕೋಳಿಯ ಮೂಳೆಗಳನ್ನೂ ಕಾಗದದ ತಟ್ಟೆಗಳನ್ನೂ ಚೀಲಕ್ಕೆ ತುಂಬಿದಳು. ಕೊನೆಗೆ ಎಡ್ಮಂಡ್‌ನ ಪುಸ್ತಕವನ್ನೂ ಅದರೊಳಗೆ ಹಾಕಿ ಬಾಗಿಲ ಹೊರಗಿಟ್ಟಳು. ಗಾಡಿ ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡಾಗ ಓಡಿ ಹೋಗಿ ಅದನ್ನೊಂದು ಮಾತ್ರ ಹೊರತೆಗೆದಳು.

ಹೊದಿಕೆಗೆ ಎಣ್ಣೆ ಅಂಟಿತ್ತು. ಒರೆಸಿದಳು. ಪೋಲೆಂಡಿನ ಗಲೀಶಿಯಾ ಪ್ರಾಂತ್ಯದ ಹಳ್ಳಿಯೊಂದರಿಂದ ಅಮೆರಿಕದ ಬಫಲೋ ನಗರಕ್ಕೆ ಬಂದ ಸ್ಕಿಬಾ ಕುಟುಂಬದ ನೂರ ಐವತ್ತು ವರ್ಷಗಳ ಚರಿತ್ರೆ ಅದು. ಬರೆದವರು ಎಡ್ಮಂಡ್ ಸ್ಕಿಬಾ. ಒಳಗೆ, ಮುದ್ರಕರ ವಿಳಾಸದ ಮೇಲೆ, ಸಣ್ಣಕ್ಷರದಲ್ಲಿ ಒಂದು ಸಾಲು: ಕೆಲವು ಕಾಗದಪತ್ರ ತಂದುಕೊಟ್ಟ ಫ್ಲೋರಿಯನ್‌ಗೆ ಕೃತಜ್ಞತೆಗಳು.

ಆ ಕೆಲವು ಕಾಗದಪತ್ರಕ್ಕೆ ಅವಳ ಗಂಡ ಫ್ಲೋರಿಯನ್ ಹನ್ನೊಂದು ವರ್ಷ ಕೊಟ್ಟಿದ್ದ. ಹಡಗುಗಳ ಪ್ರಯಾಣಿಕರ ಪಟ್ಟಿ, ಗೋರಿಕಲ್ಲುಗಳು, ಪೋಲೆಂಡಿನ ಪಾದ್ರಿಗಳಿಗೆ ಬರೆದ ನೂರಾರು ಪತ್ರಗಳು. ಏಳು ನೋಟ್‌ಬುಕ್‌ಗಳಾಗಿದ್ದವು. ಕ್ರಿಸ್‌ಮಸ್ ಕಳೆದ ವಾರ ಕುಟುಂಬದ ಇನ್ನೊಂದು ಕವಲಿನ ದಾಯಾದಿ ಎಡ್ಮಂಡ್ ಬಂದು, ಟೈಪ್ ಮಾಡಿಸಿ ಕೊಡುತ್ತೇನೆಂದು ಏಳನ್ನೂ ಒಯ್ದಿದ್ದ. ಮಾರ್ಚ್‌ನಲ್ಲಿ ಫ್ಲೋರಿಯನ್ ಎದೆ ಹಿಡಿದುಕೊಂಡು ಕುಸಿದ. ಮೂವತ್ತೆಂಟು ವಯಸ್ಸು. ಪುಸ್ತಕದ ಪೆಟ್ಟಿಗೆಗಳು ಅದೇ ವಾರ ಮುದ್ರಣಾಲಯದಿಂದ ಬಂದಿದ್ದವು. ನೆಂಟರೆಲ್ಲ ಸೇರಿದ್ದಾರೆ ಎಂದು ಎಡ್ಮಂಡ್ ಅವನ್ನು ಅಂತ್ಯಕ್ರಿಯೆಯ ಊಟದಲ್ಲೇ ಹಂಚಿದ.

ಚಮಚದಿಂದ ಗ್ಲಾಸು ತಟ್ಟಿ ಎದ್ದು ನಿಂತು, ಫ್ಲೋರಿಯನ್‌ನನ್ನು ಮುದ್ದುಹೆಸರಿನಿಂದ ಕರೆದು ಹೇಳಿದ್ದ: "ನಮ್ಮ ಫ್ಲೋರೆಕ್‌ಗೆ ಹಳೇ ಕಾಗದ ಅಂದ್ರೆ ಪ್ರಾಣ. ಏನೋ ಗೀಚ್ತಾ ಇರ್ತಿದ್ದ, ಪಾಪ. ಅದನ್ನೆಲ್ಲ ಒಂದು ರೂಪಕ್ಕೆ ತರೋಕೆ ನಾನೆಷ್ಟು ಒದ್ದಾಡಿದೆ ಅಂತ ಆ ದೇವರಿಗೇ ಗೊತ್ತು."

ಬೊಗ್ನಾ ಅವನ ಪಕ್ಕಕ್ಕೆ ಹೋಗಿ, ಅದು ಫ್ಲೋರಿಯನ್‌ನ ಪುಸ್ತಕ, ಎಂದಷ್ಟೇ ಹೇಳಿದಳು. ಎಡ್ಮಂಡ್ ಅವಳ ಭುಜದ ಮೇಲೆ ಕೈಯಿಟ್ಟ.

"ಸುಸ್ತಾಗಿದ್ದೀಯ, ಕೂತ್ಕೊಳಮ್ಮ. ಸ್ಕಿಬಾ ರಕ್ತದ ವಿಷಯ ಸ್ಕಿಬಾಗಳಿಗೆ ಬಿಡು."

ಸ್ಕಿಬಾ ಮನೆತನದ ಹಿರಿಯಳು ಕ್ಲಾರಾ ಅತ್ತೆ ಕಾಫಿ ಕಲಕುತ್ತಲೇ ಸೇರಿಸಿದ್ದಳು: "ಚರ್ಚಿನ ಮೆಟ್ಟಿಲು ಹತ್ತದೆ ನಗರಸಭೆಯ ಗುಮಾಸ್ತನ ಮುಂದೆ ಮದುವೆ ಆದವಳು. ಅವಳಿಗೇನು ಗೊತ್ತು ವಂಶ ಅಂದ್ರೆ."

ಅಳು ಬರಲಿಲ್ಲ. ಮರುದಿನ ಬೆಳಿಗ್ಗೆಯೂ ಬರಲಿಲ್ಲ. ಅದಿರಬೇಕಾದ ಜಾಗದಲ್ಲಿ ಗಟ್ಟಿಯಾದ, ತಣ್ಣಗಿನ ಇನ್ನೇನೋ ಇತ್ತು. ರಕ್ತ ಎಂದನಲ್ಲ, ಅವನಿಗೆ ರಕ್ತವನ್ನೇ ತೋರಿಸಬೇಕು ಎಂದುಕೊಂಡಳು.

ಫ್ಲೋರಿಯನ್‌ನ ಮೇಜಿನ ಮೇಲೆ ಮಕ್ಕಳನ್ನು ಚರ್ಚಿಗೆ ಸೇರಿಸಿ ಹೆಸರಿಡುವ ಜ್ಞಾನಸ್ನಾನದ ದಾಖಲೆ ಪುಸ್ತಕವಿತ್ತು. ಬೀದಿಯ ಕೊನೆಯ ಪೋಲಿಷ್ ಚರ್ಚು ಜೂನ್‌ನಲ್ಲಿ ಮುಚ್ಚಲಿತ್ತು. ಪುಸ್ತಕಗಳೆಲ್ಲ ಬಿಷಪ್ಪರ ಉಗ್ರಾಣಕ್ಕೆ ಹೋಗಿ ಸೇರುವ ಮೊದಲು ನಕಲು ಮಾಡಿಕೊಳ್ಳಲೆಂದು, ಕಚೇರಿ ನೋಡಿಕೊಳ್ಳುವ ಮುದುಕಿ ರೆಗಿನಾ ಒಂದೊಂದನ್ನೇ ಗುಟ್ಟಾಗಿ ಅವನಿಗೆ ಎರವಲು ಕೊಡುತ್ತಿದ್ದಳು. ಆತುರವಿಲ್ಲ, ಆದಾಗ ತಂದುಕೊಡು ಎಂದು ಸ್ಮಶಾನದಲ್ಲಿ ಬೊಗ್ನಾಳ ಕಿವಿಯಲ್ಲಿ ಹೇಳಿದ್ದಳು.

1909, ಮಾರ್ಚ್. ಆ ಸಾಲು ಹುಡುಕಲು ಬೊಗ್ನಾಳಿಗೆ ಎರಡು ನಿಮಿಷ ಸಾಕಾಯಿತು. ಮಗು ಲುದ್ವಿಕ್, ಎಡ್ಮಂಡ್‌ನ ಅಜ್ಜ. ತಾಯಿ ಅಪೊಲೋನಿಯಾ. ತಂದೆ ವಾಲೆಂತಿ ಸ್ಕಿಬಾ, ಆರು ತಿಂಗಳ ಹಿಂದೆ ಉಕ್ಕಿನ ಕಾರ್ಖಾನೆಯಲ್ಲಿ ಸತ್ತವನು. ಅದೇ ಸಾಲಿನ ಬಲತುದಿಯಲ್ಲಿ, ಜ್ಞಾನಸ್ನಾನದಲ್ಲಿ ಮಗುವನ್ನು ಎತ್ತಿ ಹಿಡಿದು ಅದರ ಧರ್ಮಕ್ಕೆ ಹೊಣೆ ನಿಂತ ಜ್ಞಾನತಂದೆಯ ಹೆಸರು: ಕಾಸ್ಪರ್ ದೂದೆಕ್. ಆತ ಅಪೊಲೋನಿಯಾಳ ಮನೆಯಲ್ಲಿ ದುಡ್ಡು ಕೊಟ್ಟು ಉಂಡು ಮಲಗುತ್ತಿದ್ದ ನಾಲ್ವರಲ್ಲಿ ಒಬ್ಬ. ಉಳಿದ ಮೂವರು ವರ್ಷದೊಳಗೆ ಬೇರೆ ಮನೆ ಹಿಡಿದರು. ಕಾಸ್ಪರ್ ಹನ್ನೊಂದು ವರ್ಷ ಅಲ್ಲೇ ಇದ್ದ. ಅದು ಎಡ್ಮಂಡ್‌ನ ಪುಸ್ತಕದಲ್ಲೇ ಅಚ್ಚಾಗಿತ್ತು.

ಆ ಸಾಲು ಬರೆದ ಪಾದ್ರಿಯೇ ಕಾಸ್ಪರ್‌ನ ಹೆಸರನ್ನೂ ಬರೆದಿದ್ದ. ಇದಕ್ಕಿಂತ ಒಳ್ಳೆಯ ಮೇಲ್ಪಂಕ್ತಿ ಎಲ್ಲಿ ಸಿಕ್ಕೀತು? ಬಲತುದಿಯಿಂದ ಅಕ್ಷರಕ್ಕಕ್ಷರ ನೋಡಿ, ನಾಲ್ಕು ಬೆರಳು ಎಡಕ್ಕೆ, ತಂದೆಯ ಅಂಕಣದಲ್ಲಿ, ವಾಲೆಂತಿಯ ಹೆಸರಿದ್ದ ಜಾಗಕ್ಕೆ ಇಳಿಸಿದರೆ ಸಾಕು.

ಪೋಲೆಂಡಿನ ತೊರುನ್ ವಿಶ್ವವಿದ್ಯಾಲಯದಲ್ಲಿ ಬೊಗ್ನಾ ಓದಿದ್ದು ಹಳೆಯ ಕಾಗದಗಳ ಸಂರಕ್ಷಣೆ. ಕೆಟ್ಟುಹೋದದ್ದನ್ನು ಸರಿಪಡಿಸುವುದು ಹೇಗೆಂದು ಕಲಿತವಳಿಗೆ ಸರಿಯಿರುವುದನ್ನು ಕೆಡಿಸುವುದೂ ತಿಳಿದಿರುತ್ತದೆ. ಓಕ್ ಮರದ ಮಾಚಿಕಾಯಿ ಮತ್ತು ಕಬ್ಬಿಣದ ಉಪ್ಪಿನಿಂದ ಶಾಯಿ ಮಾಡಿದಳು. ಬೆಳಗಿನ ಬೆಳಕಿನಲ್ಲಿ, ದಿನಕ್ಕೆ ಅರ್ಧ ಗಂಟೆಯಂತೆ, ವಾಲೆಂತಿಯನ್ನು ಬ್ಲೇಡಿನಿಂದ ಕೆರೆದಳು. ಕೆರೆದ ಜಾಗದಲ್ಲಿ ಶಾಯಿ ಹರಡದಂತೆ ತೆಳು ಜೆಲಾಟಿನ್ ಬಳಿದು, ಒಣಗಿಸಿ, ಮೂಳೆಯ ಕಡ್ಡಿಯಿಂದ ನಯ ಮಾಡಿದಳು. ಹಳೆಯ ರಸೀದಿಗಳ ಮೇಲೆ ಆ ಹೆಸರನ್ನು ನಾಲ್ಕುನೂರು ಸಲ ಬರೆದು, ರಸೀದಿಗಳನ್ನು ಸುಟ್ಟು, ನಾಲ್ಕುನೂರ ಒಂದನೆಯದನ್ನು ಪುಸ್ತಕದಲ್ಲಿ ಬರೆದಳು.

ಒಮ್ಮೆ ಮಾತ್ರ ನಿಂತಳು. ಅಪೊಲೋನಿಯಾಗೆ ಆಗ ಇಪ್ಪತ್ತೊಂಬತ್ತು, ತನ್ನಷ್ಟೇ. ಹೊಟ್ಟೆಯಲ್ಲಿ ಮಗು, ಮಣ್ಣಲ್ಲಿ ಗಂಡ. ಅವಳ ಮೇಲೆ ತಾನು ಈ ಮಸಿ ಬಳಿಯುತ್ತಿದ್ದೇನೆ ಎಂಬುದು ಹೊಳೆದು, ಬ್ರಷ್ ತೊಳೆಯಲು ಎದ್ದು ಹೋದಳು. ತಿರುಗಿ ಬಂದಾಗ ಎಡ್ಮಂಡ್‌ನ ಕೈ ಇನ್ನೂ ಭುಜದ ಮೇಲಿದ್ದಂತೆ ಅನ್ನಿಸಿತು. ಕುಳಿತು ಕೆಲಸ ಮುಂದುವರಿಸಿದಳು.

ಉಪಾಯದ ಸೊಗಸು ಅದರ ಎರಡನೆಯ ಅರ್ಧದಲ್ಲಿತ್ತು. ಚರ್ಚಿನ ಪುಸ್ತಕ ಕಾಸ್ಪರ್ ಎನ್ನುತ್ತದೆ, ಎಡ್ಮಂಡ್‌ನ ಪುಸ್ತಕ ವಾಲೆಂತಿ ಎನ್ನುತ್ತದೆ. ಅಂದರೆ ಅಜ್ಜನ ಹುಟ್ಟನ್ನು ಮೊಮ್ಮಗ ಮುಚ್ಚಿಟ್ಟಿದ್ದಾನೆ ಎಂದೇ ಜನ ತಿಳಿಯುತ್ತಾರೆ. ಸ್ಕಿಬಾ ರಕ್ತದ ಯಜಮಾನ ಸ್ಕಿಬಾನೇ ಅಲ್ಲ. ತಾನು ಸುಳ್ಳು ಬರೆದಿಲ್ಲ ಎಂದು ಸಾಧಿಸಲು ಅವನಿಗೆ ಒಂದೇ ದಾರಿ: ಫ್ಲೋರಿಯನ್‌ನ ನೋಟ್‌ಬುಕ್ ತಂದು ಎಲ್ಲರ ಮುಂದೆ ಬಿಚ್ಚುವುದು. ನೋಡಿ, ಅವನು ಬರೆದದ್ದನ್ನೇ ನಾನು ಇಳಿಸಿದ್ದು, ಎಂದು ಸ್ವಂತ ಬಾಯಲ್ಲಿ ಹೇಳುವುದು. ಹೇಳಿದರೆ ಕಳ್ಳ, ಹೇಳದಿದ್ದರೆ ಹಾದರಕ್ಕೆ ಹುಟ್ಟಿದವನ ಮೊಮ್ಮಗ. ಅವನು ಯಾವುದನ್ನು ಆರಿಸಿಕೊಂಡರೂ ಬೊಗ್ನಾಳಿಗೆ ಒಪ್ಪಿಗೆಯಿತ್ತು.

ಅನಾಮಧೇಯ ಪತ್ರದ ಯೋಚನೆಯನ್ನು ಕೈಬಿಟ್ಟಳು. ಪತ್ರಕ್ಕೆ ಅಂಚೆ ಮುದ್ರೆ ಇರುತ್ತದೆ. ರೆಗಿನಾಳ ನಾಲಿಗೆಗೆ ಅದು ಬೇಡ. ಬೆಳಿಗ್ಗೆ ಅವಳ ಕಿವಿಗೆ ಬಿದ್ದದ್ದು ಮಧ್ಯಾಹ್ನದೊಳಗೆ ಬೇಕರಿಯ ಸಾಲಿನಲ್ಲಿರುತ್ತಿತ್ತು. ಆಗಸ್ಟ್‌ನ ಕುಟುಂಬ ಸಮಾವೇಶದ ತನಕ ಕಾಯಬೇಕಾಗಿಯೂ ಇರಲಿಲ್ಲ.

ಮೂರನೆಯ ವಾರದ ಗುರುವಾರ ಪುಸ್ತಕವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಚರ್ಚಿನ ಕಚೇರಿಗೆ ಒಯ್ದಳು. ರೆಗಿನಾ ಅವಳನ್ನು ಕೂರಿಸಿ ಚಹಾ ಕೊಟ್ಟಳು, ತಿಂತಿದ್ದೀಯೋ ಇಲ್ಲವೋ ಎಂದು ಗದರಿದಳು, ಎಡ್ಮಂಡ್‌ನ ಪುಸ್ತಕ ಚರ್ಚಿನ ಪೂಜೆಯ ಪುಸ್ತಕಕ್ಕಿಂತ ದಪ್ಪ ಇದೆಯಂತೆ ಎಂದು ನಕ್ಕಳು. ಫ್ಲೋರಿಯನ್ ಕೊನೆಗೆ ನೋಡುತ್ತಿದ್ದ ಪುಟ ಇದು, ಏನೋ ಗೊಂದಲವಾಗಿತ್ತು ಅವನಿಗೆ, ಎಂದು ಬೊಗ್ನಾ ತಾನೇ ಪುಸ್ತಕ ಬಿಚ್ಚಿ ಕೊಟ್ಟಳು. ಮುದುಕಿ ಭೂತಗನ್ನಡಿ ಹಿಡಿದು ಸಾಲಿನ ಮೇಲೆ ಎಡದಿಂದ ಬಲಕ್ಕೆ ಹೋದಳು. ಬಲತುದಿ ಮುಟ್ಟಿ ನಿಂತಳು. ತಿರುಗಿ ಎಡಕ್ಕೆ ಬಂದಳು. ಬೊಗ್ನಾ ಚಹಾ ಗುಟುಕರಿಸುತ್ತ ಕಾದಳು.

ರೆಗಿನಾ ಭೂತಗನ್ನಡಿ ಕೆಳಗಿಟ್ಟಳು. ಆಮೇಲೆ ಆಡಿದ ಮಾತಿನ ಧ್ವನಿ ಬೇಕರಿಗೆ ಒಯ್ಯುವಂಥದ್ದಾಗಿರಲಿಲ್ಲ. "ಹೆತ್ತ ತಂದೆ ತನ್ನ ಮಗುವಿಗೆ ತಾನೇ ಜ್ಞಾನತಂದೆ ಆಗೋ ಹಾಗಿಲ್ಲ, ಮಗಳೇ. ಚರ್ಚು ಯಾವತ್ತೂ ಒಪ್ಪಿಲ್ಲ. ಈ ಬೀದೀಲಿ ಮೂರನೇ ಕ್ಲಾಸಿನ ಮಕ್ಕಳಿಗೂ ಗೊತ್ತು ಅದು. ಯಾವ ಪಾದ್ರಿಯೂ ಒಂದೇ ಹೆಸರನ್ನ ಎರಡೂ ಕಡೆ ಬರೆಯಲ್ಲ. ಇದನ್ನ ಆಮೇಲೆ ಯಾರೋ ತಿದ್ದಿದ್ದಾರೆ." ಎದ್ದು ಬಾಗಿಲು ಮುಚ್ಚಿ ಬಂದು, ಬೊಗ್ನಾಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. "ಈ ಪುಸ್ತಕ ನಿನ್ನ ಗಂಡನ ಮನೆಗೆ ಬಿಟ್ಟು ಇನ್ನೆಲ್ಲಿಗೂ ಹೋಗಿಲ್ಲ. ಇನ್ನು ಅವನು ಬರೆದಿಟ್ಟಿದ್ದರಲ್ಲಿ ಯಾವುದನ್ನ ನಂಬೋದು? ಹೇಳು, ನಮ್ಮ ಫ್ಲೋರಿಯನ್ ಯಾಕೆ ಹೀಗೆ ಮಾಡಿದ?"