ಜೋಡಿಗುಂಡಿನಲ್ಲಿ ಒಂದು ಮೆತ್ತನೆಯ ಗುಂಡು

ಮಳೆ ಬೀಳುವ ಮುಂಚೆ ಭೀಮರಾಜನನ್ನು ಇಳಿಸಬೇಕು. ಕೆಲಸ ಇಷ್ಟೇ.

ತಪ್ಪಿಸಿಕೊಂಡ ಮೇಕೆಯ ಹಿಂದೆ ಹೋದವನು ಬೈರಕೂರಿನಾಚೆಯ ಜೋಡಿಗುಂಡು ಎಂಬ ಬಂಡೆಗುಡ್ಡದಲ್ಲಿ ಜಾರಿ, ಮಂಚದಷ್ಟೇ ಅಗಲದ ಬಂಡೆಚಾಚಿನ ಮೇಲೆ ಕಾಲು ಮುರಿದುಕೊಂಡು ಕೂತಿದ್ದ. ಫೈರ್ ಎಂಜಿನ್‌ನವರು ಬೇರೆಲ್ಲೋ ಬೆಂಕಿ ಆರಿಸುತ್ತಿದ್ದರು. ಬರುವಾಗ ಕತ್ತಲಾಗುತ್ತದೆ ಎಂದಿದ್ದರು. ಆಂಧ್ರದ ಕಡೆಯ ಮೋಡ ಮಾತ್ರ ಯಾರ ಫೋನಿಗೂ ಕಾಯದೆ ಹೊರಟುಬಿಟ್ಟಿತ್ತು.

"ಮಳೆ ಬಂದ್ರೆ ಗುಡ್ಡದ ನೀರೆಲ್ಲ ಆ ಎರಡು ಗುಂಡಿನ ನಡುವಿನ ಸೀಳಲ್ಲೇ ಧುಮುಕೋದು," ಎಂದಳು ಭೀಮರಾಜನ ಹೆಂಡತಿ ಗಂಗಾಲಕ್ಷ್ಮಿ. ಮನೆಯ ಬಾವಿಯಿಂದ ಬಿಚ್ಚಿ ತಂದ ರಾಟೆ ಅವಳ ಹೆಗಲ ಮೇಲಿತ್ತು. "ಚಾಚಿನ ಮೇಲೆ ಏನೂ ನಿಲ್ಲಲ್ಲಕ್ಕಾ. ಕೊಚ್ಕೊಂಡ್ ಹೋಗ್ತದೆ."

ಅವಳು 'ಅಕ್ಕಾ' ಎಂದದ್ದು ಹರಿಪ್ರಿಯಾಳಿಗೆ. ವಾರವೆಲ್ಲ ಕೋಲಾರದ ಆಡಿಟರ್ ಕಚೇರಿಯಲ್ಲಿ ಲೆಕ್ಕ ಬರೆಯುವ ಹರಿಪ್ರಿಯಾ ಭಾನುವಾರ ಬಂಡೆ ಹತ್ತುತ್ತಾಳೆ. ಅವಳ ಜೊತೆ ಬೈರಕೂರಿನ ಎಲೆಕ್ಟ್ರಿಷಿಯನ್ ಕದಿರೇಶ್, ಮತ್ತೆ ಟೊಮೆಟೊ ಮಂಡಿಯಲ್ಲಿ ಹರಾಜು ಕೂಗುವ ಆಂಜಿ. ತಾಲ್ಲೂಕಿನಲ್ಲಿ ಹಗ್ಗ ಹಿಡಿದು ಗುಡ್ಡ ಹತ್ತುವ ಹುಚ್ಚು ಈ ಮೂವರಿಗೇ ಇದ್ದದ್ದರಿಂದ ಫೋನು ಇವರಿಗೇ ಬಂದಿತ್ತು.

ತಂಗಡಿ ಗಿಡಗಳ ನಡುವಿನ ಕಾಲುದಾರಿ ಮುಗಿದಲ್ಲಿ ಬಂಡೆಗಳ ರಾಜ್ಯ ಶುರು. ಆನೆಗಳ ಹಿಂಡು ಮಲಗಿದ್ದು ಏಳುವುದನ್ನೇ ಮರೆತ ಹಾಗೆ ಬೂದು ಬೆನ್ನುಗಳು ಒಂದರ ಮೇಲೊಂದು. ಸಂದುಗಳಲ್ಲಿ ಬಾವಲಿಯ ವಾಸನೆ, ಹೊರಗೆ ಕಾದ ಕಲ್ಲಿನ ವಾಸನೆ. ನೆತ್ತಿಯಲ್ಲಿ ಎರಡು ದೈತ್ಯ ಗುಂಡುಗಳು, ಜಗಳವಾಡಿದ ಅಣ್ಣತಮ್ಮಂದಿರ ಹಾಗೆ ನಡುವೆ ಸೀಳು ಬಿಟ್ಟುಕೊಂಡು ನಿಂತಿದ್ದವು. ಹಿರಿಯನ ಎದೆಯ ಮಟ್ಟದಲ್ಲಿ ಚಾಚು, ಅದರ ಮೂಲೆಯಲ್ಲಿ ಕಲ್ಲನ್ನು ತಬ್ಬಿದ ಗೋಣಿಮರದ ಬೇರು, ಬೇರಿಗೆ ಒರಗಿದ ಭೀಮರಾಜ. ಪಕ್ಕದಲ್ಲಿ ಮೇಕೆ ಯಾವ ಚಿಂತೆಯೂ ಇಲ್ಲದೆ ಎಲೆ ಮೆಲ್ಲುತ್ತಿತ್ತು.

ಮೇಲಿನಿಂದ ಹಗ್ಗ ಬಿಡುವಂತಿರಲಿಲ್ಲ. ಹಿರಿಯ ಗುಂಡಿನ ಹಣೆ ಮುಂದಕ್ಕೆ ಬಾಗಿದ್ದರಿಂದ ಬಿಟ್ಟ ಹಗ್ಗ ಚಾಚಿನಿಂದ ದೂರ, ಗಾಳಿಯಲ್ಲೇ ತೂಗುತ್ತಿತ್ತು.

"ಹಾಗಾದ್ರೆ ಕಿರಿಯನ ತಲೆ ಮೇಲಿಂದ ಹೊಡೆಯೋಣ," ಎಂದ ಕದಿರೇಶ್.

ಅವರ ಪದ್ಧತಿ ಅದೇ. ಹುಣಸೆ ಮರದ ಕವೆಗೆ ಟ್ಯೂಬಿನ ರಬ್ಬರು ಕಟ್ಟಿದ, ಸೊಂಟದೆತ್ತರದ ಕ್ಯಾಟರ್‌ಬಿಲ್ಲು. ಅದರಲ್ಲಿ ಬೆಟ್ಟದ ನೆಲ್ಲಿಕಾಯಿ ಗಾತ್ರದ ಸೀಸದ ಗುಂಡು, ಗುಂಡಿನ ಕೊಕ್ಕೆಗೆ ನೈಲಾನ್ ದಾರ. ದಾರ ದಾಟಿದರೆ ಅದರ ಬಾಲ ಹಿಡಿದು ಹಗ್ಗ ದಾಟುತ್ತದೆ, ಹಗ್ಗದ ಮೇಲೆ ರಾಟೆ, ರಾಟೆಯಡಿ ಮನುಷ್ಯ. ಗುಂಡುಗಳನ್ನು ಹರಿಪ್ರಿಯಾಳ ಹಿತ್ತಲಲ್ಲಿ ತಾವೇ ಎರಕ ಹೊಯ್ಯುತ್ತಿದ್ದರು. ಕದಿರೇಶ್ ತರುತ್ತಿದ್ದ ಹಳೇ ಟೆಲಿಫೋನ್ ಕೇಬಲ್ಲಿನ ಸೀಸ ಮೊನ್ನೆ ಸಾಲದೆ ಬಂದಾಗ, ಹರಿಪ್ರಿಯಾಳ ತಂದೆಯ ಮುಚ್ಚಿದ ಪ್ರೆಸ್ಸಿನಲ್ಲಿ ಸವೆದು ಬಿದ್ದಿದ್ದ ಅಚ್ಚಿನ ಮೊಳೆಗಳನ್ನು ಕರಗಿಸಿದ್ದರು. ಲಗ್ನಪತ್ರಿಕೆಯ ಅಕ್ಷರಗಳು ಅಕ್ಷರಶಃ ನೀರಾಗಿದ್ದವು. ಆ ಗುಂಡುಗಳು ಒಂದು ಸುಕ್ಕೂ ಇಲ್ಲದೆ ಮೂಗುತಿಯ ಹಾಗೆ ಹೊಳೆದದ್ದು ನೋಡಿ ಮೂವರಿಗೂ ಖುಷಿಯಾಗಿತ್ತು. ಬಂಡೆಗಳಲ್ಲಿ ಕಳೆಯಬಾರದೆಂದು ಹೊಸದು ಹಳೆಯದು ಎನ್ನದೆ ಎಲ್ಲಕ್ಕೂ ಕೆಂಪು ಪೇಂಟು ಬಳಿದು ಒಂದೇ ಚೀಲಕ್ಕೆ ತುಂಬಿದ್ದರು.

"ಗುಂಡಿನ ಮೇಲೆ ನಿಂತ್ಕೊಂಡು ಗುಂಡಿಗೆ ಗುಂಡು ಹೊಡೆಯೋದು," ಎಂದ ಆಂಜಿ ಕವೆ ಹಿಡಿಯುತ್ತ. "ಗುಂಡಿಗೆ ಬೇಕು ಕದಿರಣ್ಣ."

"ಬಾಯ್ಮುಚ್ಚಿ ಹಿಡ್ಕೊಳೋ."

ಹರಿಪ್ರಿಯಾ ಕೂಗಿದಳು. "ಭೀಮಣ್ಣಾ, ತಲೆ ಬಗ್ಗಿಸಿ ಬೇರಿನ ಹಿಂದೆ ಕೂತ್ಕೊಳಿ."

ಕದಿರೇಶ್ ರಬ್ಬರನ್ನು ಕಿವಿಯವರೆಗೆ ಎಳೆದ. ಅದು ಅವನ ಕೈಗೆ ಕೂತ ಅಳತೆ. ಬಿಟ್ಟ. ಗುಂಡು ಚುರುಕಾಗಿ ಹೊರಟು, ಅರ್ಧ ದಾರಿಯಲ್ಲೇ ದಾರದ ಎಳೆತಕ್ಕೆ ಸೋತು, ಚಾಚಿನ ಕೆಳಗೆ ಬಂಡೆಗೆ ಟಣ್ ಎಂದು ಬಡಿದು ಬಿತ್ತು.

"ಹೋದ ವಾರ ಇದೇ ಎಳೆತಕ್ಕೆ ಇನ್ನೂ ದೂರ ಹೋಗಿತ್ತಲ್ಲ," ಅವನ ಹುಬ್ಬು ಗಂಟಾಯಿತು.

ಇನ್ನೂ ಹಿಂದಕ್ಕೆ ಎಳೆದ. ಈ ಸಲ ಗುಂಡು ಚಾಚಿನ ಮೇಲೇ ಬಿತ್ತು. ಭೀಮರಾಜ ಕೈ ಚಾಚಿದ.

ಟಣ್.

ಗುಂಡು ಪುಟಿಯಿತು. ಅವನ ಬೆರಳ ತುದಿ ಸವರಿ, ದಾರವನ್ನೂ ಎಳೆದುಕೊಂಡು ಸೀಳಿಗೆ ಹಾರಿತು.

ಜೊತೆಗೇ ಇನ್ನೊಂದು ಸದ್ದು. ರಬ್ಬರಿನ ಅಂಚು ಹರಿದಿತ್ತು.

"ಇನ್ನೊಂದೇ ಏಟು ತಡೆಯೋದು," ಎಂದ ಕದಿರೇಶ್. "ಬೇರೆ ರಬ್ಬರು ತಂದಿಲ್ಲ."

ದೂರದಲ್ಲಿ ಗುಡುಗಿತು. ಭೀಮರಾಜನ ತಲೆ ಎದೆಗೆ ವಾಲುತ್ತಿತ್ತು. ಆಂಜಿ ಮಂಡಿಯ ತನ್ನ ಯಜಮಾನನ ಮೂಗಿನ ಸ್ವರ ತೆಗೆದ. "ಬನ್ನಿ ಬನ್ನಿ, ಒಂದ್ ಬಾಕ್ಸ್ ಭೀಮರಾಜ್, ನಾಟಿ ಮಾಲು, ಒಂದ್ ಕಡೆ ಸ್ವಲ್ಪ ಡ್ಯಾಮೇಜು, ಮೇಕೆ ಫ್ರೀ. ಯಾರ್ ಕೂಗ್ತೀರಾ?"

"ಲೇ ಆಂಜೀ, ನವ್ವಿಂಚಾಕ್ರಾ," ಎಂದು ಆಚೆಯಿಂದ ಸಣ್ಣ ದನಿ ಬಂತು. "ನಗಿಸ್ಬೇಡ, ನಕ್ರೆ ಕಾಲು ನೋಯ್ತದೆ."

"ನೋಯ್ಲಿ, ನಿದ್ದೆ ಮಾತ್ರ ಮಾಡ್ಬೇಡ."

ಹರಿಪ್ರಿಯಾ ಚೀಲ ಸುರಿದಳು. ಉಳಿದದ್ದು ನಾಲ್ಕು ಕೆಂಪು ಗುಂಡು, ಅವಳಿ ಮಕ್ಕಳ ಹಾಗೆ.

"ಆಂಜಿ, ಹೋದ ವಾರ ಗುಂಡು ಬಂಡೆಗೆ ಬಿದ್ದಾಗ ಹೇಗೆ ಸದ್ದು ಬಂತು?"

ಆಂಜಿ ಒಂದು ಗಳಿಗೆ ಯೋಚಿಸಿ, ಕೆನ್ನೆ ಉಬ್ಬಿಸಿ ಸದ್ದು ಮಾಡಿ ತೋರಿಸಿದ. "ದಬ್. ಸಗಣಿ ಬಿದ್ದಂಗೆ. ಇವತ್ತು ದೇವಸ್ಥಾನದ ಗಂಟೆ."

"ಅದೇ. ಇವತ್ತು ಹೊಡೆದದ್ದು ಅಪ್ಪನ ಅಕ್ಷರಗಳು. ಮೊಳೆ ಸವೀಬಾರದು ಅಂತ ಸೀಸಕ್ಕೆ ಆಂಟಿಮನಿ, ತವರ ಬೆರೆಸಿರ್ತಾರೆ. ಗಟ್ಟಿ ಆಗತ್ತೆ, ಅದಕ್ಕೇ ಪುಟಿಯೋದು. ಅವೆರಡೂ ಸೀಸಕ್ಕಿಂತ ಹಗುರ. ಹತ್ತರಲ್ಲಿ ಒಂದು ಪಾಲು ತೂಕ ಹೋಗಿರತ್ತೆ."

"ಎರಕದ ಅಚ್ಚು ಒಂದೇ ಅಲ್ವಾ ಮೇಡಂ?"

"ಅಚ್ಚು ಜಾಗ ಅಳೆಯತ್ತೆ ಕದಿರೇಶ್, ತೂಕ ಅಲ್ಲ. ಹಗುರದ್ದು ಜೋರಾಗೇ ಹೊರಡತ್ತೆ, ಆದ್ರೆ ದಾರ ಎಳ್ಕೊಂಡು ಹೋಗೋ ದಮ್ಮಿರಲ್ಲ."

ಕದಿರೇಶ್ ಗುಂಡುಗಳನ್ನು ಅಂಗೈಯಲ್ಲಿ ತೂಗಿ ನೋಡಿದ. ಬರಿಗೈಗೆ ಅಷ್ಟು ಸಣ್ಣ ವ್ಯತ್ಯಾಸ ತಿಳಿಯಲಿಲ್ಲ. ಹರಿಪ್ರಿಯಾ ನೇರವಾದ ತಂಗಡಿ ಕಡ್ಡಿಯೊಂದನ್ನು ಮುರಿದು, ನಡುವಿಗೆ ದಾರ ಕಟ್ಟಿ ಎತ್ತಿ ಹಿಡಿದಳು. ಎರಡು ತುದಿಗೆ ಎರಡು ಗುಂಡು. ಕಡ್ಡಿ ಸಮನಾಗಿ ನಿಂತಿತು. ಒಂದನ್ನು ಬದಲಿಸಿದಳು. ಮತ್ತೆ ಸಮ. ಮಳೆಯ ಮೊದಲ ಹನಿ ಅವಳ ಮುಂಗೈ ಮೇಲೆ ಬಿತ್ತು. ಕೊನೆಯದನ್ನು ಕಟ್ಟಿದಳು.

ಕಡ್ಡಿ ಅದರ ಕಡೆಗೆ ವಾಲಿತು.

ಪೇಂಟು ಕೆರೆದು ಉಗುರೊತ್ತಿದಳು. ಉಗುರಿನ ಗುರುತು ಸ್ಪಷ್ಟವಾಗಿ ಮೂಡಿತು.

"ಒಂದೇ ಒಂದಿದೆ," ಎಂದು ಕದಿರೇಶನ ಕೈಗಿಟ್ಟಳು. "ನಿಮ್ಮ ಹಳೇ ಅಳತೆಗೇ ಎಳೀರಿ."

"ಅಷ್ಟೆಳೆದ್ರೆ ಸಾಕಾ?"

"ಅದರ ತೂಕ ನಂಬಿ."

ಅವನು ಕಿವಿಯವರೆಗೆ ಎಳೆದು, ಉಸಿರು ಹಿಡಿದು ಬಿಟ್ಟ. ರಬ್ಬರು ಫಟ್ಟೆಂದು ತುಂಡಾಯಿತು. ಗುಂಡು ಅವಸರವಿಲ್ಲದೆ, ದಾರವನ್ನು ಹಿಂದಿಟ್ಟುಕೊಂಡು ಸೀಳನ್ನು ದಾಟಿತು.

ದಬ್.

ಚಾಚಿನ ಮೇಲೆ ಬಿದ್ದದ್ದು ಅಲ್ಲೇ ಕೂತಿತು. ಭೀಮರಾಜನ ಅಂಗೈ ಅದರ ಮೇಲೆ ಕವುಚಿಕೊಂಡಿತು.

ಆಮೇಲಿನದೆಲ್ಲ ಕೈಗಳ ಕೆಲಸ. ಭೀಮರಾಜ ಹಲ್ಲು ಕಚ್ಚಿ ದಾರ ಎಳೆದ, ದಾರದ ಹಿಂದೆ ಹಗ್ಗ ಬಂತು. ಮೇಕೆ ಕಟ್ಟುವ ಗಂಟನ್ನೇ ಬೇರಿಗೆ ಎರಡು ಸುತ್ತು ಬಿಗಿದ. ಈಚೆ ತುದಿಯನ್ನು ಕದಿರೇಶ್ ಬಂಡೆಕೋಡಿಗೆ ಬಿಗಿದು, ರಾಟೆಯನ್ನೂ ಕೂರುವ ಕುಣಿಕೆಯನ್ನೂ ಎಳೆಹಗ್ಗದ ಜೊತೆ ಸಾಗಿಸಿದ. ಸೀಳಿನ ತಲೆಯಲ್ಲಿ ನೀರು ಇಣುಕುತ್ತಿದ್ದಾಗ ಭೀಮರಾಜ ಕುಣಿಕೆಯಲ್ಲಿ ಕೂತು ಕಣ್ಣು ಮುಚ್ಚಿದ. ಗಂಗಾಲಕ್ಷ್ಮಿಯೂ ಸೇರಿ ನಾಲ್ವರು ಎಳೆದರು. ಬಾವಿಯ ರಾಟೆ ಕಿರ್ರೆನ್ನುತ್ತ, ಜನ್ಮದಲ್ಲಿ ಮೊದಲ ಸಲ ಅಡ್ಡಡ್ಡ ನಡೆಯಿತು.

ಕಾಲು ಈಚೆ ಬಂಡೆಗೆ ತಾಕಿದ ಸ್ವಲ್ಪ ಹೊತ್ತಿಗೆ ಕೆಂಪು ನೀರು ಚಾಚನ್ನು ಗುಡಿಸಿಕೊಂಡು ಹೋಯಿತು. ಗಂಗಾಲಕ್ಷ್ಮಿ ಗಂಡನ ತಲೆಯನ್ನು ಸೆರಗಿನಿಂದ ಒರೆಸುತ್ತಲೇ ಇದ್ದಳು. ಸುರಿಯುವ ಮಳೆಯಲ್ಲಿ ಅದು ಒಣಗುವಂತಿರಲಿಲ್ಲ.

"ಮೇಕೆ?" ಎಂದ ಭೀಮರಾಜ.

ಅದು ಆಗಲೇ ಯಾವುದೋ ಅಂಚು ಹಿಡಿದು ಜಿಗಿದು, ಕೆಳಗೆ ಬಂಡೆಯ ಮರೆಯಲ್ಲಿ ನಿಂತು ಇವರಿಗೆ ಕಾಯುತ್ತಿತ್ತು.

ಕಂಬಳಿಯಲ್ಲಿ ಅವನನ್ನು ಹೊತ್ತು ಇಳಿಸಿ, ರಸ್ತೆಗೆ ಬಂದಾಗ ಆಂಬುಲೆನ್ಸಿನ ದೀಪ ತಿರುವಿನಲ್ಲಿ ಕಂಡಿತು. ಹತ್ತಿಸುವ ಮುಂಚೆ ಭೀಮರಾಜ ಮುಷ್ಟಿ ಬಿಚ್ಚಿದ. "ತಗೊಳಕ್ಕಾ, ನಿಮ್ ಗುಂಡು."

ಗುಂಡಿನ ಒಂದು ಮಗ್ಗುಲು ಚಪ್ಪಟೆಯಾಗಿತ್ತು. ಪೇಂಟು ಉದುರಿದ ಆ ಜಾಗದಲ್ಲಿ ಜೋಡಿಗುಂಡಿನ ಕಲ್ಲಿನ ಹರಳು ಹರಳೂ ಒತ್ತಿದ ಹಾಗೆ ಮೂಡಿತ್ತು. ಹರಿಪ್ರಿಯಾ ಅದರ ಮೇಲೆ ಹೆಬ್ಬೆರಳಾಡಿಸಿದಳು. ಅಪ್ಪನ ಮೊಳೆಗಳು ಜೀವಮಾನವಿಡೀ ಬೇರೆಯವರ ಮೇಲೆ ಗುರುತು ಒತ್ತಿದವು, ತಾವು ಮಾತ್ರ ಯಾರ ಗುರುತನ್ನೂ ಪಡೆಯಲಿಲ್ಲ. ಅವುಗಳ ಕೆಲಸವೇ ಅದಾಗಿತ್ತು.

"ಚೀಲದಲ್ಲಿ ಉಳಿದ ಮೂರು?" ಕೇಳಿದ ಕದಿರೇಶ್.

"ಅಪ್ಪನ ಪೆಟ್ಟಿಗೆಗೆ ವಾಪಸ್ ಹಾಕ್ತೀನಿ. ಇನ್ಮೇಲೆ ಬೇರೆ ಪಾತ್ರೆ, ಬೇರೆ ಬಣ್ಣ."

"ಇದನ್ನೂ ಮತ್ತೆ ಕರಗಿಸ್ಬೇಕಲ್ಲ ಅಕ್ಕಾ, ಚಪ್ಪಟೆ ಆಗಿದೆ," ಎಂದ ಆಂಜಿ.

ಹರಿಪ್ರಿಯಾ ಗುಂಡನ್ನು ಗಂಡನ ಜೊತೆ ಆಂಬುಲೆನ್ಸ್ ಹತ್ತಲು ನಿಂತಿದ್ದ ಗಂಗಾಲಕ್ಷ್ಮಿಯ ಅಂಗೈಯಲ್ಲಿಟ್ಟು ಅವಳ ಬೆರಳು ಮಡಚಿ, ರಾಟೆಯನ್ನು ತನ್ನ ಹೆಗಲಿಗೇರಿಸಿ, ಮೇಕೆಯ ಹಗ್ಗ ಹಿಡಿದು ಊರ ಕಡೆ ನಡೆದಳು.