ಎರಡು ಇಂಚಿನ ಬೆಂಡ್

ಮೊದಲ ಸಲ ಅಂಗಡಿಗೆ ಬಂದಾಗ ಅವನು ಪಿವಿಸಿ ಎಲ್ಬೋ ಒಂದನ್ನು ಕಣ್ಣಿಗೆ ಹಿಡಿದು ಬೆಳಕಿನತ್ತ ತಿರುಗಿದ್ದ. ತೊಂಬತ್ತು ಡಿಗ್ರಿ ತಿರುಗಿದ ಎಲ್ಬೋದಲ್ಲಿ ಆಚೆ ಕಡೆ ಏನೂ ಕಾಣುವುದಿಲ್ಲ. ಅದು ಅವನಿಗೂ ಹೊಳೆದಿರಬೇಕು. ಮೆಲ್ಲಗೆ ಕೆಳಗಿಳಿಸಿ, ಒಳಗೆ ಬೆರಳು ಹಾಕಿ ಗೋಡೆಯನ್ನು ಸವರಿ ನೋಡತೊಡಗಿದ. ಬೆಕ್ಕಿನ ಮರಿಯ ತಲೆ ಸವರುವ ಹಾಗೆ.

ಕೌಂಟರಿನ ಹಿಂದೆ ಕೂತಿದ್ದ ವಿಜೇತಾ ನಗು ತಡೆದುಕೊಂಡಳು. ಮೂಡುಬಿದಿರೆ ಬಸ್‌ಸ್ಟ್ಯಾಂಡಿನಿಂದ ನೂರು ಹೆಜ್ಜೆ ದೂರದ ಆ ಪೈಪ್ ಅಂಗಡಿ ಅವಳ ಅಪ್ಪ ಲೋಕಯ್ಯನವರದ್ದು. ಅವರ ಮೊಣಕಾಲು ನೋವು ಜಾಸ್ತಿಯಾದ ಮೇಲೆ, ಐದು ವರ್ಷಗಳಿಂದ ಅವಳೇ ನೋಡಿಕೊಳ್ಳುತ್ತಿದ್ದಳು. ಈ ಐದು ವರ್ಷಗಳಲ್ಲಿ ಪೈಪಿನ ತುಂಡನ್ನು ಅಷ್ಟು ಪ್ರೀತಿಯಿಂದ ಮುಟ್ಟಿದವರನ್ನು ಅವಳು ಕಂಡಿರಲಿಲ್ಲ.

ಬಾತ್‌ರೂಮಿಗೋ ಅಡುಗೆಮನೆಗೋ ಎಂದು ಕೇಳಿದಳು. ಅವನು ಒಂದು ಕ್ಷಣ ತಡೆದು, ಬಾತ್‌ರೂಮಿಗೆ ಎಂದ.

"ಹಾಗಾದ್ರೆ ಇದು ಬೇಡ. ಒಮ್ಮೆಲೇ ತಿರುಗಿದ್ರೆ ನೀರು ಅಲ್ಲಿ ಡಿಕ್ಕಿ ಹೊಡೀತದೆ. ನಲವತ್ತೈದರದ್ದು ಎರಡು ಬೆಂಡ್ ಹಾಕಿ, ಸಲೀಸಾಗಿ ಹೋಗ್ತದೆ."

ಅವನು ತಲೆಯೆತ್ತಿ ಅವಳನ್ನು ನೋಡಿದ. ಕನ್ನಡಕದ ಹಿಂದಿನ ಆ ಕಣ್ಣುಗಳಲ್ಲಿ ಎಂಥದೋ ಬೆಳಕು ಹತ್ತಿತ್ತು. ತುಂಬ ದಿನದಿಂದ ತಲೆ ಕೆಡಿಸಿಕೊಂಡಿದ್ದ ಲೆಕ್ಕವೊಂದನ್ನು ಯಾರೋ ದಾರಿಯಲ್ಲಿ ನಿಂತು ಬಿಡಿಸಿಕೊಟ್ಟ ಹಾಗೆ. ಎರಡು ಇಂಚಿನದ್ದು ಒಂದೇ ಒಂದು ಬೆಂಡ್ ಕೊಂಡು ಹೋದ.

ಮುಂದಿನ ಶನಿವಾರ ಇನ್ನೊಂದು ಬೆಂಡಿಗೆ ಬಂದ. ಅದರ ಮುಂದಿನ ಶನಿವಾರ ಒಂದು ಅಡಿ ಪೈಪಿಗೆ. ಆಮೇಲೆ ರಬ್ಬರಿನ ಜಾಯಿಂಟು, ಆಮೇಲೆ ಎರಡು ಹೋಸ್ ಕ್ಲಿಪ್ಪು. ಹೆಸರು ಅಶ್ವಿತ್, ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ ಎಂದಷ್ಟೇ ಹೇಳಿದ್ದ. ಮೊದಲೆರಡು ವಾರ ಇಬ್ಬರೂ ಕನ್ನಡದಲ್ಲೇ ಮಾತಾಡಿದರು. ಮೂರನೆಯ ವಾರ ಅವನ ಬಾಯಲ್ಲಿ ತಪ್ಪಿ ತುಳು ಬಂತು, ಅವಳೂ ತುಳುವಿನಲ್ಲೇ ಉತ್ತರಿಸಿದಳು. ಅಂದಿನಿಂದ ಶನಿವಾರ ಮಧ್ಯಾಹ್ನದ ಮಾತು ಉದ್ದವಾಗತೊಡಗಿತು.

ಅವನು ಹೋದ ಮೇಲೆ ವಿಜೇತಾ ಆ ಬಾತ್‌ರೂಮನ್ನು ಮನಸ್ಸಿನಲ್ಲೇ ಕಟ್ಟಿ ನೋಡುತ್ತಿದ್ದಳು. ನಳ್ಳಿ ಇಲ್ಲ, ಶವರ್ ಇಲ್ಲ, ಕಮೋಡು ಇಲ್ಲ. ಬರೀ ಬೆಂಡು. ಇರಲಿ, ನಿಧಾನವಾಗಿ ಕಟ್ಟಿಸುತ್ತಿರಬಹುದು. ಮೂವತ್ತೆರಡು, ಮೂವತ್ತಮೂರರ ಗಂಡಸು ಮನೆ ರಿಪೇರಿ ಮಾಡಿಸುತ್ತಿದ್ದಾನೆಂದರೆ ಮದುವೆ ನಿಶ್ಚಯವಾಗಿದೆ ಎಂದೇ ಅರ್ಥ. ಆ ಯೋಚನೆ ಬಂದ ದಿನ ಅವಳು ಡಬ್ಬಿಯ ವಾಷರುಗಳನ್ನು ಯಾವ ಕಾರಣವೂ ಇಲ್ಲದೆ ಎರಡು ಸಲ ಬೇರ್ಪಡಿಸಿ ಜೋಡಿಸಿದಳು.

ಅದೇ ವಾರ ಅಪ್ಪ ಒಂದು ಸಂಬಂಧದ ಸುದ್ದಿ ತೆಗೆದರು. ಪುಣೆಯಲ್ಲಿ ಎರಡು ಹೋಟೆಲು, ಒಳ್ಳೆಯ ಜನ, ಹುಡುಗನ ಕಡೆಯವರು ಜೂನ್ ತಿಂಗಳ ಮೂರನೇ ಆದಿತ್ಯವಾರ ಬಂದು ನೋಡುತ್ತಾರಂತೆ. ಬೇರೆ ದಿನವಾಗಿದ್ದರೆ ವಿಜೇತಾ ಅಂಗಡಿಯ ನೆಪ ಹೇಳುತ್ತಿದ್ದಳು. ಆ ದಿನ, ಬರಲಿ ಎಂದುಬಿಟ್ಟಳು.

ಮಳೆ ಹಿಡಿದ ಮೊದಲ ಶನಿವಾರ ಅಶ್ವಿತ್ ಕೊಡೆಯನ್ನು ಕೌಂಟರಿನ ಮೇಲೇ ಮರೆತು ಹೋದ. ಕೊಡಲು ಹೊರಗೆ ಓಡಿದರೆ, ರಸ್ತೆಬದಿಯಲ್ಲಿ ಹಳೆಯ ಝೆನ್ ಕಾರೊಂದರ ಬಾನೆಟ್ ತೆರೆದುಕೊಂಡಿತ್ತು. ಇವನು ಅದರೊಳಗೆ ಬಗ್ಗಿದ್ದ. ಎಂಜಿನಿನ ಪಕ್ಕದಲ್ಲಿ, ಕಪ್ಪು ವಯರುಗಳ ನಡುವೆ, ಅವಳ ಅಂಗಡಿಯ ಬೂದು ಪೈಪು ಎರಡು ಬೆಂಡುಗಳಲ್ಲಿ ತಿರುಗಿ ಬಂಪರಿನ ಹಿಂದಕ್ಕೆ ಇಳಿದಿತ್ತು.

ವಿಜೇತಾ ಕೊಡೆಯ ತುದಿಯಿಂದ ಪೈಪನ್ನು ತೋರಿಸಿದಳು.

"ಇದಾ ನಿಮ್ಮ ಬಾತ್‌ರೂಮು?"

ಅವನ ಕಿವಿ ಕೆಂಪಾಯಿತು. ಕಾರಿಗೆ ಪಿವಿಸಿ ಪೈಪ್ ಹಾಕುತ್ತೇನೆಂದರೆ ಜನ ನಗುತ್ತಾರೆ, ಕಾಲೇಜಿನಲ್ಲಿ ಈಗಾಗಲೇ ನಕ್ಕಾಗಿದೆ, ಅದಕ್ಕೆ ಮೊದಲ ದಿನ ಸುಳ್ಳು ಹೇಳಿದೆ, ಆಮೇಲೆ ತಿದ್ದಲು ಧೈರ್ಯ ಬರಲಿಲ್ಲ ಎಂದ. ನಂತರ ತಡೆಯಲಾರದೆ ವಿವರಿಸತೊಡಗಿದ. ಎಂಜಿನಿಗೂ ಉಸಿರು ಬೇಕು. ಕಂಪನಿಯವರು ಇಟ್ಟ ದಾರಿ ಸಪೂರ, ಎಂಜಿನಿನ ಬಿಸಿ ಗಾಳಿಯೇ ಮತ್ತೆ ಒಳಗೆ ಹೋಗುತ್ತದೆ. ಮುಂದಿನಿಂದ ತಣ್ಣನೆಯ ಗಾಳಿಗೆ ಅಗಲವಾದ ದಾರಿ ಮಾಡಿ, ತುದಿಗೆ ಧೂಳು ಸೋಸುವ ಒಂದು ಕೋನ್ ಫಿಲ್ಟರ್ ಕೂರಿಸಿದರೆ ಗಾಡಿ ಹಗುರವಾಗಿ ಓಡುತ್ತದೆ. ಹೇಳುತ್ತಾ ಹೇಳುತ್ತಾ ಅವನ ಕೈಗಳು ಗಾಳಿಯಲ್ಲೇ ಪೈಪು ಬಗ್ಗಿಸುತ್ತಿದ್ದವು.

ವಿಜೇತಾಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಮಾತ್ರ ಬೇರೆಯೇ ಏನೋ. ಹಾಗಾದರೆ ಮನೆ ರಿಪೇರಿ ಇಲ್ಲ. ಹಾಗಾದರೆ ಮದುವೆಯೂ ಇಲ್ಲ. ಆ ಸಂತೋಷವನ್ನು ಮುಖದಲ್ಲಿ ತೋರಿಸದಿರಲು ಅವಳು ಬಾನೆಟ್ಟಿನೊಳಗೆ ಬಗ್ಗಿ ಪೈಪನ್ನು ಮುಟ್ಟಿ ನೋಡಿದಳು. ಬಿಸಿಗೆ ಪಿವಿಸಿ ಮೆತ್ತಗಾಗುತ್ತದೆ, ಬಿಸಿನೀರಿಗೆ ಹಾಕುವ ಸಿಪಿವಿಸಿ ಪೈಪು ಹಾಕಬೇಕಿತ್ತು ಎಂದಳು. ಮತ್ತೆ, ಪೈಪಿನ ಬಾಯಿ ಇಷ್ಟು ಕೆಳಗಿದ್ದರೆ ಈ ಮಳೆಗಾಲದಲ್ಲಿ ಎಂಜಿನ್ ಗಾಳಿಯ ಬದಲು ನೀರು ಕುಡಿದೀತು ಎಂದೂ ಹೇಳಿದಳು. ಅವನು ಮೊದಲನೆಯದನ್ನು ಒಪ್ಪಿದ. ಎರಡನೆಯದಕ್ಕೆ, ನಿಧಾನವಾಗಿ ಓಡಿಸಿದರಾಯಿತು ಎಂದು ನಕ್ಕ.

ಮರು ಶನಿವಾರ ಅವಳಿಗೆ ಬಿ.ಸಿ.ರೋಡಿಗೆ ಹೋಗಿ ಹಿತ್ತಾಳೆ ನಳ್ಳಿಗಳ ಪಾರ್ಸೆಲ್ ತರಬೇಕಿತ್ತು. ನಾನೂ ಆ ಕಡೆಯೇ ಎಂದ ಅಶ್ವಿತ್. ಅಪ್ಪ ಕೌಂಟರಿಗೆ ಬಂದು ಕೂತರು. ಮೇಷ್ಟ್ರ ಗಾಡಿ ಎಂದು ಅವರಿಗೆ ಧೈರ್ಯ.

ಆಕ್ಸಿಲರೇಟರ್ ಒತ್ತಿದಾಗೆಲ್ಲ ಕಾರು ಮುಂದಿನಿಂದ ಹೂಂಕರಿಸುತ್ತಿತ್ತು, ಹೊಟ್ಟೆತುಂಬ ಗಾಳಿ ಎಳೆದುಕೊಳ್ಳುವ ಸದ್ದು. ಕೇಳಿಸಿತಾ ಎಂದು ಅವನು ಪ್ರತಿ ಸಲ ಓರೆಗಣ್ಣಿನಲ್ಲಿ ಅವಳನ್ನು ನೋಡುತ್ತಿದ್ದ. ಅವಳು ಪ್ರತಿ ಸಲ ಕಿಟಕಿಯ ಕಡೆ ತಿರುಗಿ ನಗುತ್ತಿದ್ದಳು. ಗಾಜಿನಲ್ಲಿ ತನ್ನ ನಗು ಅವನಿಗೆ ಕಾಣುತ್ತದೆಂದು ಅವಳಿಗೆ ಪೊಳಲಿ ಹತ್ತಿರವಾದಾಗ ಗೊತ್ತಾಯಿತು.

ಪೊಳಲಿ ದಾಟಿ ಒಂದು ತಗ್ಗಿನಲ್ಲಿ ಗದ್ದೆಯ ನೀರು ರಸ್ತೆಗೆ ಬಂದಿತ್ತು. ಹೆಚ್ಚೇನಿಲ್ಲ, ಪಾದ ಮುಳುಗುವಷ್ಟು. ಅಶ್ವಿತ್ ನಿಧಾನವಾಗಿಯೇ ಇಳಿಸಿದ. ಎದುರಿನಿಂದ ಬಂದ ಬಸ್ಸು ಮಾತ್ರ ನಿಧಾನ ಮಾಡಲಿಲ್ಲ. ಅಲೆಯೊಂದು ಬಂದು ಬಂಪರಿಗೆ ಬಡಿಯಿತು. ಎಂಜಿನ್ ಒಮ್ಮೆ ಕೆಮ್ಮಿ ನಿಂತುಹೋಯಿತು.

ಮತ್ತೆ ಸ್ಟಾರ್ಟ್ ಮಾಡಬೇಡಿ ಎಂದು ಅವಳೇ ಹೇಳಿದಳು. ಇಬ್ಬರೂ ಸೇರಿ ಕಾರನ್ನು ತಳ್ಳಿ ಬದಿಗೆ ಹಾಕಿದರು. ಬಿ.ಸಿ.ರೋಡಿನಲ್ಲಿ ಅವನಿಗೆ ಗುರುತಿದ್ದ ಮೆಕ್ಯಾನಿಕ್ ಅಬೂಬಕ್ಕರ್, ಮುಕ್ಕಾಲು ಗಂಟೆಯಲ್ಲಿ ಬರುತ್ತೇನೆ ಎಂದು ಫೋನಿನಲ್ಲಿ ಹೇಳಿದರು. ಮಳೆ ನಿಂತಿತ್ತು. ರಸ್ತೆಯ ಪಕ್ಕದಲ್ಲಿ ಫಲ್ಗುಣಿ ಹೊಳೆ ಕೆಂಪಗೆ, ಸದ್ದಿಲ್ಲದೆ ಹರಿಯುತ್ತಿತ್ತು. ನೀವು ಹೇಳಿದ್ದು ಸರಿಯಾಯಿತು ಎಂದು ಅವನು ಒಪ್ಪಿಕೊಂಡ. ಅವಳು ಹೆಮ್ಮೆಪಡಲಿಲ್ಲ. ಇನ್ನೊಂದು ಪ್ರಶ್ನೆ ಅವಳ ನಾಲಿಗೆಯಲ್ಲಿತ್ತು.

"ನಿಮ್ಮ ಕಾಲೇಜು ಎಲ್ಲಿ?"

"ಬೆಳ್ತಂಗಡಿಯಲ್ಲಿ. ಮನೆ ಗುರುವಾಯನಕೆರೆ."

"ಬೆಳ್ತಂಗಡಿಯಲ್ಲಿ ಬೆಂಡ್ ಸಿಗುವುದಿಲ್ವಾ?"

"ಸಿಗ್ತದೆ. ನಮ್ಮ ಬಸ್‌ಸ್ಟ್ಯಾಂಡ್ ಹತ್ರವೇ ಮೂರು ಅಂಗಡಿ ಉಂಟು." ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. "ಮೊದಲ ದಿನ ಮೂಡುಬಿದಿರೆಗೆ ಒಂದು ಟ್ರೈನಿಂಗಿಗೆ ಬಂದವ ನಿಮ್ಮಲ್ಲಿಗೆ ಬಂದದ್ದು. ಆಮೇಲೆ ಬಂದದ್ದೆಲ್ಲ ಬರಬೇಕು ಅಂತಲೇ."

ವೇಣೂರು ದಾಟಿ, ಹೋಗಿ ಬರಲು ಎಪ್ಪತ್ತು ಕಿಲೋಮೀಟರು. ಒಂದು ಬೆಂಡಿಗೆ, ಒಂದು ಅಡಿ ಪೈಪಿಗೆ, ಎರಡು ಕ್ಲಿಪ್ಪಿಗೆ. ವಿಜೇತಾಳಿಗೆ ಎದೆಯೊಳಗೆ ಬೆಚ್ಚಗಾಯಿತು. ಅದರ ಬೆನ್ನಿಗೇ ಪುಣೆಯವರ ನೆನಪು ಬಂದು ತಣ್ಣಗಾಯಿತು. ಅವನಿಂದ ಮುಚ್ಚಿಡುವುದು ಸರಿಯಲ್ಲ ಎನಿಸಿ ಹೇಳಿದಳು. ಪುಣೆಯಿಂದ ಹುಡುಗನ ಕಡೆಯವರು ನೋಡಲು ನಾಳೆಯಲ್ಲ, ಮುಂದಿನ ಆದಿತ್ಯವಾರ ಬರುತ್ತಾರೆ, ಬರಲಿ ಎಂದು ನಾನೇ ಒಪ್ಪಿದ್ದೇನೆ.

ಅವನು ಒರೆಸಿದ ಕನ್ನಡಕವನ್ನು ಮತ್ತೆ ಹಾಕಿಕೊಂಡ.

"ಒಂದೊಂದೇ ತುಂಡು ಕೊಂಡುಹೋದದ್ದು ನನ್ನ ತಪ್ಪು. ಒಂದೇ ಸಲ ಹೇಳಿಬಿಡ್ಬೇಕಿತ್ತು."

"ಎಂತ ಹೇಳ್ಬೇಕಿತ್ತು?"

"ನಿಮಗೆ ಗೊತ್ತುಂಟು."

"ಗೊತ್ತುಂಟು. ಆದ್ರೂ ಹೇಳಿ."

"ನೀವು ಅಂದ್ರೆ ನನಗೆ ಇಷ್ಟ, ವಿಜೇತಾ. ಶನಿವಾರ ಬರುವವರೆಗೆ ಉಳಿದ ವಾರ ಹೇಗೋ ದಾಟಿಸ್ತಾ ಇದ್ದೇನೆ."

ಅವಳು ಬಾಯಿ ತೆರೆಯುವುದರೊಳಗೆ ಅಬೂಬಕ್ಕರ್ ಅವರ ಓಮ್ನಿ ಬಂದು ನಿಂತಿತು. ಅವರು ಪ್ಲಗ್ಗುಗಳನ್ನು ಬಿಚ್ಚಿ, ಎಂಜಿನ್ ತಿರುಗಿಸಿ ಒಳಗಿನ ನೀರನ್ನು ಪಿಚಕಾರಿಯಂತೆ ಹಾರಿಸಿದರು. ಮೆಲ್ಲಗೆ ಹೋದದ್ದರಿಂದ ಎಂಜಿನ್ ಉಳಿಯಿತು, ಇಲ್ಲದಿದ್ದರೆ ಒಳಗಿನ ರಾಡು ಬಗ್ಗುತ್ತಿತ್ತು ಎಂದರು. ಮೇಷ್ಟ್ರೇ, ಇದು ಕಾರು, ಪಂಪಲ್ಲ ಮಾರಾಯ್ರೇ ಎಂದು ಬೇಸರದಿಂದ ತಲೆಯಾಡಿಸಿ, ಗಾಡಿಯನ್ನು ಬಿ.ಸಿ.ರೋಡಿಗೆ ಒಯ್ದು ತಮ್ಮ ಗ್ಯಾರೇಜಿನಲ್ಲೇ ಇಟ್ಟುಕೊಂಡರು. ವಿಜೇತಾ ಪಾರ್ಸೆಲ್ ತೆಗೆದುಕೊಂಡು ಬಸ್ಸು ಹತ್ತಿದಳು. ಜನರ ನಡುವೆ ಉತ್ತರ ಕೊಡಲಾಗಲಿಲ್ಲ. ಕಿಟಕಿಯಿಂದ ಕೈಯೆತ್ತಿದಾಗ ಅವನು ಅದನ್ನು ಬೀಳ್ಕೊಡುಗೆ ಎಂದುಕೊಂಡನೋ ಏನೋ, ತಲೆ ತಗ್ಗಿಸಿ ಕೈಯೆತ್ತಿದ.

ನಾಲ್ಕು ದಿನ ಯೋಚಿಸಿ, ಗುರುವಾರ ಅಂಗಡಿ ಬಾಗಿಲು ಹಾಕುವ ಮುಂಚೆ ಅವಳು ಅಪ್ಪನಿಗೆ ಎಲ್ಲವನ್ನೂ ಹೇಳಿದಳು. ಪುಣೆಯವರ ಮೇಲೆ ದೂರೇನಿಲ್ಲ, ಆದರೆ ನನ್ನ ಮನಸ್ಸು ಅಲ್ಲಿಲ್ಲ ಎಂದಳು. ಲೋಕಯ್ಯ ಮೊಣಕಾಲು ನೀವಿಕೊಳ್ಳುತ್ತಾ ಕೇಳಿದರು. ಪೈಪಿನ ಹುಡುಗನಾ ಎಂದು ಒಂದೇ ಮಾತು ಆಡಿದರು. 

ಮರುದಿನ ಬೆಳಿಗ್ಗೆ ಚಾ ಕುಡಿಯುತ್ತಾ ಅವರೇ ಮಾತೆತ್ತಿದರು.

"ಪುಣೆಗೆ ಫೋನ್ ಮಾಡಿ ಬರುವುದು ಬೇಡ ಅಂದಿದ್ದೇನೆ. ಇವನ ಮನೆಯವರು ಬಂದು ಕೇಳ್ಲಿ. ಕೇಳದಿದ್ರೆ ನಾನು ಅವರಲ್ಲಿಗೆ ಹೋಗುವವ ಅಲ್ಲ."

ಶನಿವಾರ ವಿಜೇತಾ ಹಸಿರು ಚೂಡಿದಾರ್ ಹಾಕಿಕೊಂಡು ಕೂತಳು. ಎರಡು ಗಂಟೆಯಾಯಿತು, ನಾಲ್ಕಾಯಿತು. ಅವನು ಬರಲಿಲ್ಲ. ಗಾಡಿ ರಿಪೇರಿಯಾಗಿಲ್ಲವೇನೋ ಎಂದು ಅಂದು ತೆಗೆದುಕೊಂಡಿದ್ದ ನಂಬರಿನಲ್ಲಿ ಅಬೂಬಕ್ಕರ್ ಅವರಿಗೆ ಫೋನ್ ಮಾಡಿದರೆ, ಬುಧವಾರವೇ ಕೊಂಡುಹೋಗಿದ್ದಾರಲ್ಲ ಎಂದರು. ಅವಳಿಗೆ ಅರ್ಥವಾಯಿತು. ಬೇರೆಯವರ ಮಾತು ನಡೆಯುತ್ತಿರುವ ಮನೆಯ ಎದುರು ಬಂದು ನಿಲ್ಲಬಾರದು ಎಂದು ಆ ಮನುಷ್ಯ ದೂರ ಉಳಿದಿದ್ದ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಮನೆಯ ಗುರುತನ್ನು ಅಬೂಬಕ್ಕರ್ ಅವರಿಂದಲೇ ಕೇಳಿಕೊಂಡಳು.

ಆದಿತ್ಯವಾರ ಬೆಳಿಗ್ಗೆ ಅಪ್ಪನಿಗೆ ಹೇಳಿಯೇ ಬಸ್ಸು ಹತ್ತಿದಳು. ತೊಡೆಯ ಮೇಲೆ ಬಿಸಿನೀರಿನ ಪೈಪಿನ ತುಂಡುಗಳ ಚೀಲ. ಗುರುವಾಯನಕೆರೆಯಲ್ಲಿ ಇಳಿದು, ಕೆರೆಯ ಬದಿಯಲ್ಲಿ ಹತ್ತು ನಿಮಿಷ ನಡೆದಳು. ಅವನ ಮನೆಯಂಗಳದಲ್ಲಿ ಶೀಟ್ ಮಾಡಿನ ಕೆಳಗೆ ಝೆನ್ ನಿಂತಿತ್ತು. ಅಶ್ವಿತ್ ಬೂದು ಪೈಪನ್ನೆಲ್ಲ ಬಿಚ್ಚಿ ನೆಲದ ಮೇಲೆ ಸಾಲಾಗಿ ಇಟ್ಟು, ಕಂಪನಿಯವರು ಕೊಟ್ಟಿದ್ದ ಗಾಳಿ ಸೋಸುವ ಕಪ್ಪು ಡಬ್ಬಿಯನ್ನು ಮತ್ತೆ ಕೂರಿಸುತ್ತಿದ್ದ.

ಎಂತ ಮಾಡ್ತಿದ್ದೀರಿ ಎಂದಾಗ ಅವನ ಕೈಯ ಸ್ಕ್ರೂಡ್ರೈವರ್ ಜಾರಿತು.

"ತೆಗೀತಾ ಇದ್ದೇನೆ. ಇನ್ನು ಬೇಡ ಅನ್ನಿಸ್ತು." ಅವಳ ಮುಖವನ್ನೇ ನೋಡಿದ. "ಇವತ್ತು ನಿಮ್ಮ ಮನೆಗೆ ಅವರು ಬರುವ ದಿನ ಅಲ್ವಾ?"

"ಬರುವುದಿಲ್ಲ. ಅಪ್ಪ ಫೋನ್ ಮಾಡಿ ಬೇಡ ಅಂದ್ರು." ಅವಳು ಚೀಲವನ್ನು ಬಾನೆಟ್ಟಿನ ಪಕ್ಕದಲ್ಲಿಟ್ಟಳು. "ನಾನು ಬೇಡ ಅಂತ ಹೇಳಿದ್ದಕ್ಕೆ."

ಅವನು ಕಾರಿಗೆ ಒರಗಿ ನಿಂತ. ಎಣ್ಣೆ ಹತ್ತಿದ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಎರಡು ಸಲ ಅಂಗಿಗೆ ಒರೆಸಿದ. ಅವಳು ಆ ಕೈಯನ್ನೇ ಹಿಡಿದುಕೊಂಡಳು. ಗಟ್ಟಿಯಾಗಿ ಅಲ್ಲ. ಬಿಡಿಸಿಕೊಳ್ಳಬೇಕೆಂದರೆ ಬಿಡಿಸಿಕೊಳ್ಳಬಹುದು ಎನ್ನುವಷ್ಟು. ಅವನು ಬಿಡಿಸಿಕೊಳ್ಳಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಇಬ್ಬರೂ ಕೆಲಸಕ್ಕೆ ತೊಡಗಿದರು. ಪೈಪಿನ ಬಾಯಿ ಬಂಪರಿನ ಕೆಳಗೆ ಬೇಡ, ಹೆಡ್‌ಲೈಟಿನ ಹಿಂದೆ, ಬ್ಯಾಟರಿಯಷ್ಟು ಎತ್ತರದಲ್ಲಿ ಇರಲಿ ಎಂದು ಅವಳು ತೋರಿಸಿದಳು. ಅಲ್ಲಿ ಜಾಗ ಸಾಲುವುದಿಲ್ಲ ಎಂದ ಅವನು. ಅಳೆದು ನೋಡಿದರೆ ಎರಡು ಬೆರಳಿನಷ್ಟು ಹೆಚ್ಚೇ ಇತ್ತು. ಅವಳು ಪೈಪು ಹಿಡಿದಳು, ಅವನು ಕ್ಲಿಪ್ ಬಿಗಿದ. ಪೈಪಿನ ತಗ್ಗಿನ ಕಡೆ ನೀರು ಸೋರಲು ಒಂದು ಸಣ್ಣ ತೂತು ಕೊರೆದರು. ಬಾನೆಟ್ಟಿನ ಕೆಳಗೆ ತಲೆಗೆ ತಲೆ ತಾಗಿದಾಗ ಯಾರೂ ಹಿಂದೆ ಸರಿಯಲಿಲ್ಲ.

ಕೀ ತಿರುಗಿಸಿದರೆ ಎಂಜಿನ್ ಒಂದೇ ಸಲಕ್ಕೆ ಹತ್ತಿತು. ಆ ಸದ್ದಿಗೆ ಅಶ್ವಿತನ ಅಮ್ಮ ಸರಸ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ಕೆನ್ನೆಗೆ ಕರಿ ಬಳಿದುಕೊಂಡು ನಿಂತ ಹುಡುಗಿಯನ್ನು ನೋಡಿ, ಮಗನ ಮುಖ ನೋಡಿ, ಇವರು ಯಾರು ಎಂದು ಕೇಳಿದರು.

"ನಾನು ಪ್ರತಿ ಶನಿವಾರ ಹೋಗ್ತಿದ್ದೆನಲ್ಲ ಅಮ್ಮ," ಎಂದ ಅಶ್ವಿತ್. "ಇವಳಲ್ಲಿಗೆ. ನೀನು ಮೂಡುಬಿದಿರೆಗೆ ಬಂದು ಇವಳ ಅಪ್ಪನ ಹತ್ರ ಮಾತಾಡ್ಬೇಕು."

ಇವಳು ಎಂದದ್ದು ವಿಜೇತಾಳ ಕಿವಿಗೆ ಬಿತ್ತು. ಅಷ್ಟು ದಿನ ನೀವು, ಇವರು ಎನ್ನುತ್ತಿದ್ದ ಬಾಯಿ ಅದು. ಅವಳು ತಲೆ ತಗ್ಗಿಸಿ, ಬೆರಳಿನ ಎಣ್ಣೆಯನ್ನು ಬಟ್ಟೆಯ ಚೂರಿನಲ್ಲಿ ಮೆಲ್ಲಗೆ ಒರೆಸಿಕೊಂಡಳು.

ಸರಸ ಹತ್ತಿರ ಬಂದು, ಸೆರಗಿನ ತುದಿಯಿಂದ ಅವಳ ಕೆನ್ನೆಯ ಕರಿಯನ್ನು ಒರೆಸಿದರು.

"ಅಪ್ಪನಿಗೆ ಫೋನ್ ಮಾಡಿ ಹೇಳು ಮಗಾ, ಊಟ ಮಾಡಿ ಬರ್ತೇನೆ ಅಂತ. ಬಿಡ್ಲಿಕ್ಕೆ ನಾವೇ ಬರ್ತೇವೆ, ಈ ಗಾಡಿಯಲ್ಲೇ. ಅಲ್ಲೇ ಮಾತಾಡುವ."